ಪ್ರಜಾಪ್ರಭುತ್ವ ಎಲ್ಲ ದೇಶಕ್ಕೂ ಒಗ್ಗುತ್ತದೆಯೇ? ಪ್ರಬಂಧ ಪತ್ರಿಕೆಗೆ ಒಂದು ಟಿಪ್ಪಣಿ

"ಪ್ರಜಾಪ್ರಭುತ್ವವು ಎಲ್ಲ ರಾಷ್ಟ್ರಗಳಿಗೂ ಅತ್ಯುತ್ತಮ ಆಡಳಿತ ಪದ್ಧತಿಯೇ? ಚರ್ಚಿಸಿ." ಪರೀಕ್ಷೆಯ ರಾಜ್ಯಶಾಸ್ತ್ರದ ಪತ್ರಿಕೆಯಲ್ಲೂ ಪ್ರಬಂಧ ಪತ್ರಿಕೆಯಲ್ಲೂ ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಹಾಸನದಲ್ಲಿ ಭಾನುವಾರ ಒಟ್ಟಿಗೆ ಕೂತು ಓದುವ ನಮ್ಮ ಗುಂಪಿನಲ್ಲಿ ಇದರ ಮೇಲೆ ಜೋರು ಜಗಳವೇ ಆಯಿತು. ಅದರಲ್ಲಿ ಗಟ್ಟಿ ಅನ್ನಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಲಿಂಕನ್ ಹೇಳಿದ ವ್ಯಾಖ್ಯೆ, ಗುಣ ಐದು, ದೋಷ ಐದು ಇವೆಲ್ಲ ಗೈಡುಗಳಲ್ಲಿ ಹೇಗೂ ಇವೆ. ಅವನ್ನು ಬಿಟ್ಟಿದ್ದೇನೆ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ. ಇದರೊಳಗೆ ಎರಡು ಪ್ರಶ್ನೆಗಳು ಅಂಟಿಕೊಂಡಿವೆ. ಆಳುವವರನ್ನು ಜನರೇ ಆರಿಸುವುದು, ಬೇಡವಾದಾಗ ಇಳಿಸುವುದು ಎಲ್ಲ ಕಡೆಗೂ ಒಳ್ಳೆಯದೇ ಅನ್ನುವುದು ಒಂದು. ಅದಕ್ಕೆ ಬೇಕಾದ ಸಂಸತ್ತು, ಪಕ್ಷ, ಕೋರ್ಟು ಎಲ್ಲ ಕಡೆ ಒಂದೇ ಥರ ಇರಬೇಕೇ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ. ಬ್ರಿಟನ್ನಿನಲ್ಲಿ ಇಂದಿಗೂ ರಾಜ ಇದ್ದಾರೆ, ಅಮೆರಿಕದಲ್ಲಿ ಅಧ್ಯಕ್ಷರಿದ್ದಾರೆ, ಸ್ವಿಟ್ಜರ್ಲೆಂಡಿನಲ್ಲಿ ಏಳು ಜನರ ಮಂಡಳಿ ಸರ್ಕಾರ ನಡೆಸುತ್ತದೆ. ಮೂರೂ ಪ್ರಜಾಪ್ರಭುತ್ವಗಳೇ. ತಲೆಕೆಡಿಸಿಕೊಳ್ಳಬೇಕಾದದ್ದು ಮೊದಲನೆಯದಕ್ಕೆ.

ಇಲ್ಲಿ ಕಾರ್ಲ್ ಪಾಪರ್ ಎಂಬ ತತ್ವಜ್ಞಾನಿ ತುಂಬಾ ಸಹಾಯಕ್ಕೆ ಬರುತ್ತಾರೆ. ಪ್ಲೇಟೋ ಕಾಲದಿಂದಲೂ ಎಲ್ಲರೂ "ಯಾರು ಆಳಬೇಕು?" ಅಂತಲೇ ಕೇಳುತ್ತಾ ಬಂದರು. ತಿಳಿದವರೋ, ರಾಜನೋ, ಬಹುಮತವೋ? ಪಾಪರ್ ಪ್ರಶ್ನೆಯನ್ನೇ ಬದಲಾಯಿಸಿದರು. ಕೆಟ್ಟ ಸರ್ಕಾರವನ್ನು ರಕ್ತ ಹರಿಸದೆ ಇಳಿಸುವುದು ಹೇಗೆ ಅಂತ ಕೇಳಿ ಅಂದರು. ನನ್ನ ಉತ್ತರ ನಿಂತಿರುವುದೂ ಇದರ ಮೇಲೆಯೇ. ಪ್ರಜಾಪ್ರಭುತ್ವ ಜಾಣರನ್ನು ಆರಿಸುತ್ತದೆ ಅಂತ ನಾನು ಎಲ್ಲೂ ಹೇಳುವುದಿಲ್ಲ. ಹಾಗೆ ಹೇಳಿದರೆ ಪರೀಕ್ಷಕರೂ ನಂಬುವುದಿಲ್ಲ, ನೀವೂ ನಂಬುವುದಿಲ್ಲ.

ಮಹಾರಾಜರ ಕಾಲವೇ ಚೆನ್ನಾಗಿತ್ತಾ?

ನಮ್ಮ ಕಡೆ ಈ ಮಾತು ಎತ್ತಿದರೆ ಹಿರಿಯರು ಯಾರಾದರೂ ಹೀಗೆ ಹೇಳಿಯೇ ಹೇಳುತ್ತಾರೆ. ಇದನ್ನು ಸುಮ್ನೆ ತಳ್ಳಿಹಾಕಬೇಡಿ. ಹಾಸನ ಜಿಲ್ಲೆಯೂ, ಆಗ ಕಡೂರು ಜಿಲ್ಲೆ ಅನ್ನಿಸಿಕೊಂಡಿದ್ದ ಚಿಕ್ಕಮಗಳೂರು ಸೀಮೆಯೂ ಮೈಸೂರು ಸಂಸ್ಥಾನದಲ್ಲೇ ಇದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಬಂತು, ಕನ್ನಂಬಾಡಿ ಕಟ್ಟೆ ಎದ್ದಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಮತ ಹಾಕಿಸಿಕೊಂಡು ಗೆದ್ದ ಎಷ್ಟು ಸರ್ಕಾರಗಳಿಗೆ ಇಂಥ ಪಟ್ಟಿ ಇದೆ?

ಆದರೆ ಮೈಸೂರಿನ ಇತಿಹಾಸದಲ್ಲೇ ಇದಕ್ಕೆ ಉತ್ತರವೂ ಇದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ರೈತರು, ವರ್ತಕರು ದಸರಾ ಸಮಯದಲ್ಲಿ ಮೈಸೂರಿಗೆ ಹೋಗಿ ಊರಿನ ಕಷ್ಟ ಹೇಳಿಕೊಳ್ಳಬಹುದಿತ್ತು. ತೀರ್ಮಾನ ಮಾಡುವ ಅಧಿಕಾರ ಮಾತ್ರ ಅವರಿಗೆ ಇರಲಿಲ್ಲ. ಅಂದರೆ, ಊರಲ್ಲಿ ಏನಾಗುತ್ತಿದೆ ಅಂತ ಜನರ ಬಾಯಿಂದಲೇ ಕೇಳಬೇಕು ಅಂತ ಅರಮನೆಗೂ ಅನ್ನಿಸಿತ್ತು. ನಾಲ್ವಡಿಯವರ ಕಾಲದಲ್ಲೇ ಇನ್ನೊಂದು ಘಟನೆಯೂ ನಡೆಯಿತು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಗುಂಡು ಹಾರಿಸಿದ ಸರ್ಕಾರವನ್ನು ಮುಂದಿನ ಚುನಾವಣೆಯಲ್ಲಿ ಇಳಿಸೋಣ ಅನ್ನುವ ದಾರಿ ಆಗ ಯಾರಿಗೂ ಇರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಇಲ್ಲಿ 'ಮೈಸೂರು ಚಲೋ' ಚಳವಳಿ ನಡೆಸಬೇಕಾಯಿತು. 1947ರ ಅಕ್ಟೋಬರ್‌ನಲ್ಲಷ್ಟೇ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರ ಬಂತು.

ಒಳ್ಳೆಯ ರಾಜ ಸಿಕ್ಕಿದ್ದು ನಮ್ಮ ಪುಣ್ಯ. ಪುಣ್ಯವನ್ನು ಆಡಳಿತ ಪದ್ಧತಿ ಅನ್ನೋಕೆ ಆಗಲ್ಲ, ಅಲ್ವಾ?

"ಸಿಂಗಾಪುರ ನೋಡಿ" ಅನ್ನುವವರಿಗೂ ಇದೇ ಉತ್ತರ. ಲೀ ಕ್ವಾನ್ ಯೂ 1959ರಿಂದ 1990ರವರೆಗೆ ಪ್ರಧಾನಿಯಾಗಿದ್ದರು. ಚುನಾವಣೆ ನಡೆಯುತ್ತಿತ್ತು, ಆದರೆ ವಿರೋಧ ಪಕ್ಷಕ್ಕೂ ಪತ್ರಿಕೆಗಳಿಗೂ ಜಾಸ್ತಿ ಜಾಗ ಇರಲಿಲ್ಲ. ದೇಶ ಶ್ರೀಮಂತವಾಯಿತು, ನಿಜ. ಅದೇ ಕಾಲದಲ್ಲಿ ಜೈರ್‌ನಲ್ಲಿ (ಇಂದಿನ ಕಾಂಗೊ) ಮೊಬುಟು 1965ರಿಂದ 1997ರವರೆಗೆ ಆಳಿ ದೇಶವನ್ನು ದೋಚಿದ. ಉಗಾಂಡದಲ್ಲಿ ಇದಿ ಅಮೀನ್ ಎಂಬ ಕ್ರೂರ ಸರ್ವಾಧಿಕಾರಿ ಇದ್ದ. ಗೆದ್ದ ಸರ್ವಾಧಿಕಾರಿಯನ್ನು ಮಾತ್ರ ಎಣಿಸಿ, ಉಳಿದವರನ್ನು ಮರೆತರೆ ಯಾವ ಪದ್ಧತಿಯೂ ಚೆನ್ನಾಗಿಯೇ ಕಾಣುತ್ತದೆ.

ಕುದುರೆಮುಖ: ಉತ್ತರದಲ್ಲಿ ಬಳಸಬೇಕಾದ ಉದಾಹರಣೆ

ಮೂಡಿಗೆರೆ, ಕಳಸದ ಕಡೆಯವರಿಗೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಗೊತ್ತೇ ಇರುತ್ತದೆ. ಅದು ಹುಟ್ಟಿದ್ದರ ಹಿಂದೆ ಇರಾನ್ ಇದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ನನಗೆ ಈ ವಿಷಯದಲ್ಲೇ ಇಡೀ ಪ್ರಬಂಧ ಸಿಕ್ಕಂತಾಯಿತು.

1975. ನಮ್ಮಲ್ಲಿ ತುರ್ತುಪರಿಸ್ಥಿತಿ. ಇರಾನ್‌ನಲ್ಲಿ ಷಾ ದೊರೆಯ ಆಳ್ವಿಕೆ, ಎಣ್ಣೆಯ ದುಡ್ಡು ಹರಿದು ಬರುತ್ತಿದ್ದ ಕಾಲ. ಕುದುರೆಮುಖದ ಅದಿರನ್ನು ತಾವೇ ಕೊಳ್ಳುತ್ತೇವೆ, ಗಣಿ ಕಟ್ಟಲು 63 ಕೋಟಿ ಡಾಲರ್ ಸಾಲವನ್ನೂ ಕೊಡುತ್ತೇವೆ ಅಂತ ಇರಾನ್ ಒಪ್ಪಿತು. 1976ರಲ್ಲಿ ಗಣಿ ನಡೆಸುವ ಕಂಪನಿ ಹುಟ್ಟಿತು. ಕಾಡಿನ ನಡುವೆ ರಸ್ತೆ, ಟೌನ್‌ಶಿಪ್, ಲಖ್ಯಾ ಅಣೆಕಟ್ಟು ಎದ್ದವು. ಅದಿರನ್ನು ನೀರಿನಲ್ಲಿ ಕಲಸಿ ಘಟ್ಟದ ಕೆಳಗೆ ಮಂಗಳೂರಿಗೆ ಸಾಗಿಸುವ ಪೈಪ್‌ಲೈನ್ ಬಂತು.

ಆಗ ಷಾ ಆಳ್ವಿಕೆಯಷ್ಟು ಭದ್ರವಾದದ್ದು ಇನ್ನೊಂದಿಲ್ಲ ಅಂತ ಜಗತ್ತು ನಂಬಿತ್ತು. 1977ರ ಕೊನೆಯ ದಿನ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಟೆಹರಾನ್‌ನ ಔತಣದಲ್ಲಿ ಇರಾನನ್ನು ಸ್ಥಿರತೆಯ ದ್ವೀಪ ಅಂತ ಹೊಗಳಿದರು. 1979ರ ಜನವರಿಯಲ್ಲಿ ಷಾ ದೇಶ ಬಿಟ್ಟು ಹೋದರು. ಹೊಸ ಸರ್ಕಾರ ಅದಿರು ಕೊಳ್ಳಲಿಲ್ಲ, ಸಾಲದ ಉಳಿದ ಹಣವೂ ಬರಲಿಲ್ಲ. ಗಣಿ ಸಿದ್ಧವಾಗುವ ಹೊತ್ತಿಗೆ ಗಿರಾಕಿಯೇ ಇರಲಿಲ್ಲ. ಕಂಪನಿ ಬೇರೆ ದೇಶಗಳ ಬಾಗಿಲು ತಟ್ಟಬೇಕಾಯಿತು.

ಇದರಲ್ಲಿ ಕಲಿಯುವುದು ಏನೆಂದರೆ, ಸರ್ವಾಧಿಕಾರ ಹೊರಗಿನಿಂದ ಗಟ್ಟಿಯಾಗಿ ಕಾಣುತ್ತದೆ. ಒಳಗೆ ಜನರ ಸಿಟ್ಟು ಎಷ್ಟಿದೆ ಅಂತ ಅಳೆಯುವ ಸಾಧನವೇ ಅಲ್ಲಿ ಇರುವುದಿಲ್ಲ. ಚುನಾವಣೆಯಲ್ಲಿ ಸೋತು ಹೋಗಬೇಕಾಗಿದ್ದ ಸರ್ಕಾರ ಅಲ್ಲಿ ಕ್ರಾಂತಿಯಲ್ಲಿ ಹೋಗುತ್ತದೆ. ಅದರ ಬೆಲೆ ಸಾವಿರಾರು ಮೈಲಿ ದೂರದ ಮಲೆನಾಡಿಗೂ ತಟ್ಟುತ್ತದೆ.

ಕಥೆಯ ಎರಡನೇ ಭಾಗ ಪ್ರಜಾಪ್ರಭುತ್ವಕ್ಕೆ ಅಷ್ಟೇನೂ ಹೆಮ್ಮೆ ತರುವುದಿಲ್ಲ. ಗಣಿಯ ಮಣ್ಣು ಭದ್ರಾ ನದಿಗೆ ಇಳಿಯುತ್ತಿದೆ ಅನ್ನುವ ದೂರು ಬಂತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು, ಗಣಿ ಮಾತ್ರ ನಡೆಯುತ್ತಲೇ ಇತ್ತು. ಹೋರಾಟ, ಪತ್ರಿಕೆ, ಅರ್ಜಿ ಎಲ್ಲ ಆಗಿ, 2002ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಲು ಹೇಳಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಎಷ್ಟು ನಿಧಾನ ನೋಡಿ. ಅದೂ ನಿಲ್ಲಿಸಿದ್ದು ಮತದಾರರಲ್ಲ, ಯಾರೂ ಆರಿಸದ ನ್ಯಾಯಾಧೀಶರು. ಅಲ್ಲಿ ಕೆಲಸ ಮಾಡುತ್ತಿದ್ದವರ ಟೌನ್‌ಶಿಪ್ ಖಾಲಿಯಾಯಿತು. ಪ್ರಜಾಪ್ರಭುತ್ವ ಅಂದರೆ ಬರೀ ಬಹುಮತ ಅಲ್ಲ, ಬಹುಮತಕ್ಕೂ ಲಗಾಮು ಹಾಕುವ ಸಂಸ್ಥೆಗಳೂ ಅದರೊಳಗೆ ಸೇರಿವೆ ಅಂತ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಾರದು.

ಕ್ಷಾಮದ ವಾದ

ಇದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರದು. ಚುನಾವಣೆಯೂ ಸ್ವತಂತ್ರ ಪತ್ರಿಕೆಗಳೂ ಇರುವ ಸ್ವತಂತ್ರ ದೇಶದಲ್ಲಿ ದೊಡ್ಡ ಕ್ಷಾಮ ಆದ ಉದಾಹರಣೆ ಇಲ್ಲ ಅನ್ನುತ್ತಾರೆ. 1943ರ ಬಂಗಾಳದ ಕ್ಷಾಮ ಬ್ರಿಟಿಷರ ಕೈಕೆಳಗೆ ಆಯಿತು. ಚೀನಾದಲ್ಲಿ 1959ರಿಂದ 61ರ ನಡುವಿನ ಕ್ಷಾಮದಲ್ಲಿ ಸತ್ತವರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಅಂತ ಬೇರೆ ಬೇರೆ ಅಂದಾಜುಗಳಿವೆ. ಅಲ್ಲಿ ಕೆಳಗಿನ ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಬೆಳೆ ಜಾಸ್ತಿ ಬಂದಿದೆ ಅಂತ ಸುಳ್ಳು ಲೆಕ್ಕ ಕೊಟ್ಟರು. ಆ ಲೆಕ್ಕದ ಮೇಲೆ ಧಾನ್ಯ ವಸೂಲಿ ನಡೆಯಿತು. ಸುಳ್ಳು ಅಂತ ಬರೆಯುವ ಪತ್ರಿಕೆ ಇರಲಿಲ್ಲ.

ಇದನ್ನು ಬರೆಯುವಾಗ ಸೇನ್ ಅವರೇ ಒಪ್ಪುವ ಇನ್ನೊಂದು ಮಾತನ್ನೂ ಸೇರಿಸಿ. ಕ್ಷಾಮವನ್ನು ತಡೆದ ಭಾರತ, ದಿನನಿತ್ಯದ ಅಪೌಷ್ಟಿಕತೆಯನ್ನು ಹಾಗೆ ತಡೆಯಲಿಲ್ಲ. ಕ್ಷಾಮ ಮುಖಪುಟದ ಸುದ್ದಿಯಾಗುತ್ತದೆ. ಮಗುವಿನ ತೂಕ ಕಡಿಮೆ ಇರುವುದು ಆಗುವುದಿಲ್ಲ.

"ಜನ ಇನ್ನೂ ತಯಾರಿಲ್ಲ"

ಗುಂಪಿನಲ್ಲಿ ಮೂಡಿಗೆರೆ ಕಡೆಯ ಗೆಳೆಯನೊಬ್ಬ ಹೇಳಿದ: "ಅರೇಬಿಕಾ ಕಾಫಿ ಎಲ್ಲ ಮಣ್ಣಿಗೂ ಹಿಡಿಯಲ್ಲ ಕಣೋ. ಎತ್ತರ ಬೇಕು, ನೆರಳು ಬೇಕು. ಪ್ರಜಾಪ್ರಭುತ್ವವೂ ಹಾಗೇ." ಕೇಳಲು ಚೆನ್ನಾಗಿದೆ, ಪರೀಕ್ಷೆಯಲ್ಲೂ ಬರೆಯಬಹುದು ಅನ್ನಿಸುತ್ತದೆ. ಆದರೆ ಈ ಹೋಲಿಕೆಯಲ್ಲಿ ತೋಟದ ಸಾಹುಕಾರ ಯಾರು? ಯಾವ ಮಣ್ಣಿಗೆ ಯಾವ ಗಿಡ ಅಂತ ತೀರ್ಮಾನಿಸುವವನು ಅವನು. ಜನ ತಯಾರಿಲ್ಲ ಅಂತ ಹೇಳುವವರು ಸಾಮಾನ್ಯವಾಗಿ ಕುರ್ಚಿಯಲ್ಲಿ ಕೂತವರೇ ಆಗಿರುತ್ತಾರೆ. ನಮ್ಮ ಬಗ್ಗೆ ಬ್ರಿಟಿಷರು ಹೇಳಿದ್ದೂ ಇದನ್ನೇ.

1951–52ರ ಮೊದಲ ಸಾರ್ವತ್ರಿಕ ಚುನಾವಣೆ ನೋಡಿ. ಮತದಾರರು 17 ಕೋಟಿಗೂ ಹೆಚ್ಚು. ದೇಶದ ಸಾಕ್ಷರತೆ ಸುಮಾರು ಶೇ 18. ಓದಲು ಬಾರದವರಿಗೆ ಗುರುತಿನ ಚಿಹ್ನೆ ಇಟ್ಟರು, ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರಿಗೆ ಇನ್ನೊಂದು ತೊಡಕು ಎದುರಾಯಿತು. ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತಲೇ ಬರೆಸಿದ್ದರು. ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದರು. ಮುಂದಿನ ಚುನಾವಣೆ ಹೊತ್ತಿಗೆ ಹೆಸರು ಬರೆಸಿಕೊಂಡು ಬರಲಿ ಅನ್ನುವ ಹಟ ಅದು. ತಯಾರಿ ಅನ್ನುವುದು ನಡೆದದ್ದು ಹೀಗೆ, ಮತ ಹಾಕುತ್ತಾ ಹಾಕುತ್ತಾ.

ಬಡ ದೇಶಕ್ಕೆ ಆಗಲ್ಲ ಅನ್ನುವವರಿಗೆ ಬೋಟ್ಸ್‌ವಾನಾ ಇದೆ. 1966ರಲ್ಲಿ ಸ್ವತಂತ್ರವಾದಾಗ ಅದು ಕಡುಬಡ ದೇಶ. ವಜ್ರ ಸಿಕ್ಕಿದ್ದು ಆಮೇಲೆ. ಅಂದಿನಿಂದ ಚುನಾವಣೆ ತಪ್ಪಿಲ್ಲ. 2024ರಲ್ಲಿ, 58 ವರ್ಷ ಆಳಿದ ಪಕ್ಷ ಸೋತು ಸುಮ್ಮನೆ ಕೆಳಗಿಳಿಯಿತು.

ಹಾಗಂತ ಹೊರಗಿನವರು ತಂದು ಕೂರಿಸಿದರೆ ಪ್ರಜಾಪ್ರಭುತ್ವ ನಿಲ್ಲುತ್ತದೆ ಅಂತಲ್ಲ. ಅಫ್ಘಾನಿಸ್ತಾನದಲ್ಲಿ 20 ವರ್ಷ ಪ್ರಯತ್ನ ನಡೆದು 2021ರಲ್ಲಿ ಕೆಲವೇ ವಾರಗಳಲ್ಲಿ ಕುಸಿಯಿತು. ಜಪಾನ್‌ನಲ್ಲಿ ಯುದ್ಧದ ನಂತರ ಅಮೆರಿಕ ಬರೆಸಿದ ಸಂವಿಧಾನ ಉಳಿಯಿತಲ್ಲ ಅಂತ ಕೇಳಬಹುದು. ಅಲ್ಲಿ 1890ರಿಂದಲೇ ಸಂಸತ್ತು ಇತ್ತು, 1925ರಲ್ಲೇ ಗಂಡಸರಿಗೆಲ್ಲ ಮತದ ಹಕ್ಕು ಬಂದಿತ್ತು. ಒಳಗೆ ಒಂದಿಷ್ಟು ಅಭ್ಯಾಸ ಇರಲೇಬೇಕು. ಜರ್ಮನಿಯ ಉದಾಹರಣೆ ಎಲ್ಲರೂ ಬರೆಯುತ್ತಾರೆ, ಒಂದೇ ಸಾಲು ಸಾಕು: 1933ರಲ್ಲಿ ಹಿಟ್ಲರ್ ಕಾನೂನಿನ ಬಾಗಿಲಿನಿಂದಲೇ ಒಳಗೆ ಬಂದು ಆ ಬಾಗಿಲನ್ನು ಒಳಗಿನಿಂದ ಮುಚ್ಚಿದ. ಅದಕ್ಕಿಂತ ಅಂಬೇಡ್ಕರ್ ಅವರ ಎಚ್ಚರಿಕೆಗೆ ಜಾಗ ಕೊಡಿ. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲೂ ಹಣಕಾಸಿನಲ್ಲೂ ಅಸಮಾನತೆ, ಈ ವಿರೋಧಾಭಾಸ ಬೇಗ ಹೋಗದಿದ್ದರೆ ಅಸಮಾನತೆ ಉಂಡವರೇ ಈ ವ್ಯವಸ್ಥೆಯನ್ನು ಒಡೆದು ಹಾಕುತ್ತಾರೆ ಅಂತ 1949ರ ನವೆಂಬರ್ 25ರಂದು ಹೇಳಿದ್ದರು.

ನಮ್ಮ ಎರಡು ಜಿಲ್ಲೆಗಳ ಮತದಾರರು

1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿತು. ಕರ್ನಾಟಕದಲ್ಲಿ ಮಾತ್ರ ಕಾಂಗ್ರೆಸ್ಸಿಗೆ 28ರಲ್ಲಿ 26 ಸ್ಥಾನ ಬಂದವು. ಮರುವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಅವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ತುರ್ತುಪರಿಸ್ಥಿತಿ ಹೇರಿದವರನ್ನು ಜನ ಮತ್ತೆ ಗೆಲ್ಲಿಸಿದರಲ್ಲ, ಇದು ಮೂರ್ಖತನ ಅಲ್ಲವೇ ಅಂತ ಗುಂಪಿನಲ್ಲಿ ಕೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಬಲವಂತದ ಸಂತಾನಹರಣದ ಹಿಂಸೆ ಉತ್ತರದಷ್ಟು ಇಲ್ಲಿ ನಡೆದಿರಲಿಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಹಳ್ಳಿಗಳಲ್ಲಿ ಕಣ್ಣಿಗೆ ಕಾಣುತ್ತಿತ್ತು. (ಕಾಫಿ ತೋಟಗಳು ಆ ಕಾನೂನಿನಿಂದ ಹೊರಗೇ ಉಳಿದವು ಅನ್ನುವುದನ್ನೂ ಮರೆಯಬೇಡಿ.) ಜನ ತಮ್ಮ ಅನುಭವ ನೋಡಿ ಮತ ಹಾಕಿದರು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಹಾಸನದ್ದು 1999. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ದೇಶದ ಪ್ರಧಾನಿಯಾಗಿ ಬಂದ ಮೇಲೂ ಸ್ವಂತ ಜಿಲ್ಲೆಯ ಲೋಕಸಭಾ ಕ್ಷೇತ್ರದಲ್ಲಿ ಸೋತರು. ಫಲಿತಾಂಶ ಒಪ್ಪಿದರು. 2004ರಲ್ಲಿ ಅದೇ ಜನರ ಮುಂದೆ ನಿಂತು ಗೆದ್ದರು. ಪಾಪರ್ ಹೇಳಿದ್ದು ಇದನ್ನೇ. ಮಾಜಿ ಪ್ರಧಾನಿಯನ್ನು ಸೋಲಿಸಿದ್ದಕ್ಕೆ ಯಾರೂ ಜೈಲಿಗೆ ಹೋಗಲಿಲ್ಲ.

ಇಷ್ಟೆಲ್ಲ ಹೇಳಿ ನಮ್ಮ ಮನೆಯ ಹುಳುಕು ಬಿಟ್ಟರೆ ಸರಿಯಲ್ಲ. 2016ರಲ್ಲಿ ಆರಿಸಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಆನೆ ದಾಳಿಗೆ ಬೆಳೆ ಹೋದ ಆಲೂರಿನ ರೈತ ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಹುಡುಕಿದರೆ ಆ ಕುರ್ಚಿಯಲ್ಲಿ ಯಾರೂ ಇಲ್ಲ. ಇದರ ಬಗ್ಗೆ ದೊಡ್ಡ ಗಲಾಟೆ ಆಗಲಿಲ್ಲ ಅನ್ನುವುದೇ ನನಗೆ ಹೆಚ್ಚು ಯೋಚನೆ ಹುಟ್ಟಿಸುವ ವಿಷಯ.

ಉತ್ತರ ಬರೆಯುವಾಗ

ಹೌದು ಅಥವಾ ಇಲ್ಲ ಅಂತ ಮೊದಲ ಸಾಲಲ್ಲೇ ನಿಲುವು ಹೇಳಿ. ನನ್ನದು ಹೀಗೆ: ಆಳುವವರನ್ನು ಇಳಿಸುವ ಹಕ್ಕು ಎಲ್ಲ ದೇಶಕ್ಕೂ ಬೇಕು, ಅದರ ರೂಪ ಮತ್ತು ವೇಗ ಆಯಾ ದೇಶದ್ದು. ಚೀನಾದ ಬೆಳವಣಿಗೆ ಬಗ್ಗೆ ಕೇಳಿದರೆ ಬೆಳವಣಿಗೆಯನ್ನು ಒಪ್ಪಿಕೊಳ್ಳಿ, ಜೊತೆಗೆ ಕ್ಷಾಮದ ಮಾತು ತನ್ನಿ.

ಭೂತಾನ್ ಉದಾಹರಣೆ ಕೈಯಲ್ಲಿರಲಿ. ಅಲ್ಲಿ ಜನ ರಾಜನೇ ಸಾಕು ಅನ್ನುತ್ತಿದ್ದಾಗ ರಾಜರೇ ಚುನಾವಣೆ ತಂದರು. 2008ರ ಸಂವಿಧಾನದ ಪ್ರಕಾರ ರಾಜ 65ಕ್ಕೆ ನಿವೃತ್ತಿಯಾಗಬೇಕು. ಸಂಸತ್ತು ಮುಕ್ಕಾಲು ಬಹುಮತದಿಂದ ನಿರ್ಣಯ ಮಾಡಿ, ಜನಮತಗಣನೆಯಲ್ಲಿ ಜನ ಒಪ್ಪಿದರೆ ರಾಜನನ್ನು ಇಳಿಸಲೂಬಹುದು. ಮೊದಲ ಚುನಾವಣೆಯಲ್ಲಿ 47ರಲ್ಲಿ 45 ಸ್ಥಾನ ಗೆದ್ದ ಪಕ್ಷವನ್ನು ಜನ 2013ರಲ್ಲಿ ಸೋಲಿಸಿದರು. ಬೇಡ ಅನ್ನುತ್ತಿದ್ದವರು ಐದೇ ವರ್ಷದಲ್ಲಿ ಇಳಿಸುವುದನ್ನು ಕಲಿತರು. ಇದರ ಜೊತೆಗೆ ಇನ್ನೊಂದನ್ನೂ ಬರೆಯಿರಿ. 1990ರ ದಶಕದ ಆರಂಭದಲ್ಲಿ ಅದೇ ಭೂತಾನ್‌ನಿಂದ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ಹೊರಬಿದ್ದು ನೇಪಾಳದ ನಿರಾಶ್ರಿತರ ಶಿಬಿರ ಸೇರಿದ್ದರು. 2008ರಲ್ಲಿ ಉಳಿದವರು ಮತಗಟ್ಟೆಗೆ ಹೋದಾಗ ಇವರು ಇನ್ನೂ ಆ ಶಿಬಿರಗಳಲ್ಲೇ ಇದ್ದರು.