ಬೊಗಳುವ ನಾಯಿಗೆ ಮೊದಲು ಬೇಕಾದದ್ದು ದೂರ

ಶಿರಸಿಯ ಹೊರವಲಯದ ಮೈದಾನವೊಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾನು ನಡೆಸುವ ನಾಯಿ ತರಬೇತಿಗೆ ಹೊಸಬರು ಬಂದರೆಂದರೆ, ಹತ್ತು ನಿಮಿಷದೊಳಗೆ ಅವರಲ್ಲಿ ಒಬ್ಬರಾದರೂ ಹೇಳುವ ಮಾತೊಂದಿದೆ: “ಮನೆಯಲ್ಲಿ ಇದು ಹೀಗೆ ಮಾಡುವುದೇ ಇಲ್ಲ ಮಾರಾಯ್ರೇ.” ಹಾಗೆ ಹೇಳುವಾಗ ಅವರ ನಾಯಿ ಎರಡು ಕಾಲಿನ ಮೇಲೆ ನಿಂತು, ಹಗ್ಗ ಜಗ್ಗುತ್ತಾ, ಇಡೀ ಮೈದಾನಕ್ಕೆ ಕೇಳುವಂತೆ ಬೊಗಳುತ್ತಿರುತ್ತದೆ, ಉಳಿದವರೆಲ್ಲ ತಿರುಗಿ ನೋಡುತ್ತಿರುತ್ತಾರೆ. ಅವರು ಹೇಳುವುದು ನಿಜ. ಮನೆಯ ಅಂಗಳದಲ್ಲಿ ಆ ನಾಯಿಯ ಎದುರು ಹತ್ತು ಅಡಿ ದೂರದಲ್ಲಿ ಐದು ಅಪರಿಚಿತ ನಾಯಿಗಳು ಸಾಲಾಗಿ ನಿಂತಿರುವುದಿಲ್ಲ. ಮನೆಯಲ್ಲಿ ಅದು ಕಲಿತ “ಕೂತ್ಕೋ” ಮರೆತುಹೋಗಿಲ್ಲ. ಅದನ್ನು ನೆನಪಿಸಿಕೊಳ್ಳುವಷ್ಟು ಸ್ಥಿಮಿತ ಆ ಹೊತ್ತಿನಲ್ಲಿ ಅದಕ್ಕಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಕೆಂಚ ಎಂಬ ನಾಟಿ ನಾಯಿ ನನ್ನ ತರಗತಿಗೆ ಬಂತು. ಅಡಿಕೆ ತೋಟದ ಮನೆಯ ನಾಯಿ, ಎರಡು ವರ್ಷದ್ದು. ಬಾಳೆಗೊನೆಗೂ ಎಳೆ ಅಡಿಕೆಗೂ ಮಂಗಗಳ ಹಿಂಡು ಇಳಿದಾಗ ಬೊಗಳಿ ಓಡಿಸುವುದೇ ಅದರ ಕೆಲಸ, ಮತ್ತು ಆ ಕೆಲಸವನ್ನು ಅದು ಬಹಳ ಚೆನ್ನಾಗಿ ಮಾಡುತ್ತದೆ. ಬೊಗಳಿದರೆ ಮಂಗ ಹೋಗುತ್ತದೆ ಎಂಬುದನ್ನು ದಿನಕ್ಕೆ ಹತ್ತಾರು ಸಲ ಅನುಭವದಿಂದ ಕಲಿತ ಪ್ರಾಣಿ ಅದು. ಯಾರೂ ತಿಂಡಿ ಕೊಟ್ಟು ಕಲಿಸಬೇಕಾಗಿರಲಿಲ್ಲ, ಮಂಗ ಹೋದದ್ದೇ ಸಂಭಾವನೆ. ಅಂಥ ನಾಯಿಯನ್ನು ತರಗತಿಗೆ ತಂದಾಗ ಅದು ಎದುರಿನ ನಾಯಿಗೆ ಬೊಗಳಿತು, ಎದುರಿನವರು ಮುಜುಗರದಿಂದ ತಮ್ಮ ನಾಯಿಯನ್ನು ಆಚೆ ಎಳೆದುಕೊಂಡು ಹೋದರು. ತೋಟದಲ್ಲಿ ಕಲಿತ ಪಾಠವೇ ಇಲ್ಲೂ ಸರಿ ಎಂದು ಕೆಂಚನಿಗೆ ಖಾತ್ರಿಯಾಯಿತು. ಹೀಗೆ ನಾವು ತರಬೇತಿ ಎಂದು ಕರೆಯುವ ಒಂದು ಗಂಟೆಯಲ್ಲಿ, ನಮಗೆ ಗೊತ್ತಿಲ್ಲದೆಯೇ, ಬೊಗಳುವುದಕ್ಕೆ ಹತ್ತು ಸಲ ತರಬೇತಿ ಕೊಟ್ಟಿರುತ್ತೇವೆ.

ಅದೇ ತಂಡದಲ್ಲಿದ್ದ ಒಂದು ವರ್ಷದ ಲ್ಯಾಬ್ರಡಾರ್‌ನ ಬೊಗಳು ಬೇರೆಯೇ ಜಾತಿಯದು. ಕಂಡ ನಾಯಿಯ ಬಳಿಗೆಲ್ಲ ಓಡಿ ಮೈಮೇಲೆ ಬೀಳುವ ಅಭ್ಯಾಸ ಅದಕ್ಕೆ. ಹಗ್ಗ ತಡೆದಾಗ ಹತಾಶೆಯಿಂದ ಕಿರುಚುತ್ತಿತ್ತು. ಕೆಂಚ “ದೂರ ಹೋಗು” ಎನ್ನುತ್ತಿದ್ದರೆ ಲ್ಯಾಬ್ರಡಾರ್ “ನನ್ನನ್ನು ಬಿಡಿ, ನಾನು ಹೋಗಬೇಕು” ಎನ್ನುತ್ತಿತ್ತು. ಕೇಳುವವರಿಗೆ ಎರಡೂ ಗಲಾಟೆಯೇ. ಆದರೆ ಈ ವ್ಯತ್ಯಾಸವನ್ನು ಗುರುತಿಸದೆ ಇಬ್ಬರಿಗೂ ಒಂದೇ ಮದ್ದು ಅರೆದರೆ ಒಬ್ಬರಿಗೆ ತಪ್ಪು ಮದ್ದಾಗುತ್ತದೆ.

ನಾನು ಈ ಕೆಲಸಕ್ಕೆ ತೊಡಗಿದ ಮೊದಲ ವರ್ಷಗಳಲ್ಲಿ ಬೊಗಳುವ ನಾಯಿಯನ್ನು ವೃತ್ತದ ನಡುವೆಯೇ ನಿಲ್ಲಿಸುತ್ತಿದ್ದೆ; ನೋಡಿ ನೋಡಿ ಅಭ್ಯಾಸವಾಗಲಿ ಎಂಬುದು ನನ್ನ ಲೆಕ್ಕವಾಗಿತ್ತು. ಕೆಲವು ನಾಯಿಗಳು ಸುಮ್ಮನಾದವು ಕೂಡ. ಬಾಲ ಅಡಗಿಸಿ, ಮುಖ ತಿರುಗಿಸಿ, ತಿಂಡಿ ಮುಟ್ಟದೆ ನಿಂತ ಆ ಮೌನವನ್ನು ನಾನು ಶಾಂತಿ ಎಂದು ತಪ್ಪು ತಿಳಿದೆ. ಅವುಗಳಲ್ಲಿ ಒಂದು ನಾಯಿ ಮೂರನೆಯ ವಾರ ಯಾವ ಮುನ್ಸೂಚನೆಯೂ ಇಲ್ಲದೆ ಪಕ್ಕದ ನಾಯಿಯನ್ನು ಕಚ್ಚಿತು. ಮುನ್ಸೂಚನೆ ಕೊಡುವುದನ್ನೇ ನಾವು ಅದರಿಂದ ಕಿತ್ತುಕೊಂಡಿದ್ದೆವು. ಆ ದಿನದಿಂದ ನನ್ನ ತರಗತಿಯಲ್ಲಿ ಗದ್ದಲದ ನಾಯಿಯ ಮೊದಲ ಪಾಠ “ಕೂತ್ಕೋ” ಅಲ್ಲ, “ಸುಮ್ನಿರು” ಕೂಡ ಅಲ್ಲ; ಎಷ್ಟು ದೂರದಲ್ಲಿ ಅದು ನೆಮ್ಮದಿಯಿಂದ ತಿಂಡಿ ತಿನ್ನಬಲ್ಲದು ಎಂದು ಹುಡುಕುವುದು.

ಆ ದೂರವನ್ನು ಅಳೆಯಲು ನಾಯಿಯ ಬಾಯಿಯನ್ನು ನೋಡಬೇಕು. ನಡೆದು ಬಂದ ನಾಯಿ ನಾಲಿಗೆ ಸಡಿಲ ಬಿಟ್ಟು ಏದುಸಿರು ಬಿಡುತ್ತಿರುತ್ತದೆ. ಆಚೆ ಬದಿಯಲ್ಲಿ ಇನ್ನೊಂದು ನಾಯಿ ಕಂಡ ಕ್ಷಣ ಬಾಯಿ ತಟ್ಟನೆ ಮುಚ್ಚುತ್ತದೆ, ಉಸಿರು ಒಂದು ಗಳಿಗೆ ನಿಂತಂತಾಗುತ್ತದೆ, ಕಿವಿ ಮುಂದಕ್ಕೆ ಬಾಗಿ ಭಾರವೆಲ್ಲ ಮುಂಗಾಲಿಗೆ ಬರುತ್ತದೆ. ಬೊಗಳುವುದು ಇದಾದ ಮೇಲೆ. ನಡುವೆ ನಿಮಗೆ ಸಿಗುವುದು ಒಂದೆರಡು ಸೆಕೆಂಡು ಮಾತ್ರ. ಬಾಯಿ ಮುಚ್ಚಿದ ನಾಯಿ ಮತ್ತೆ ತಾನಾಗಿ ಬಾಯಿ ತೆರೆದು ಉಸಿರಾಡಲು ತೊಡಗಿದರೆ ದೂರ ಸಾಕಷ್ಟಿದೆ ಎಂದರ್ಥ. ತಿಂಡಿಯನ್ನು ಬೆರಳು ಸಹಿತ ಕಚ್ಚಿ ಕಸಿದುಕೊಂಡರೆ ನಾಲ್ಕು ಹೆಜ್ಜೆ ಹಿಂದೆ ಹೋಗಬೇಕು. ತಿಂಡಿಯನ್ನು ಮೂಸಿಯೂ ನೋಡದಿದ್ದರೆ ಆ ಜಾಗದಲ್ಲಿ ಅದಕ್ಕೆ ಏನನ್ನೂ ಕಲಿಸಲು ಸಾಧ್ಯವಿಲ್ಲ. ಕೆಂಚನ ದೂರ ಮೊದಲ ದಿನ ನಲವತ್ತು ಹೆಜ್ಜೆಯಿತ್ತು, ಅಂದರೆ ಮೈದಾನದ ಬೇಲಿಯಾಚೆಗೆ, ರಸ್ತೆಯಂಚಿನಲ್ಲಿ. ಯಜಮಾನರಿಗೆ ಅದು ತರಗತಿಯಿಂದ ಹೊರಹಾಕಿದಂತೆ ಅನ್ನಿಸಿರಬೇಕು; ಅವರ ಮುಖ ಸಣ್ಣದಾದುದನ್ನು ನಾನು ಕಂಡೆ. ತರಗತಿ ಅಲ್ಲಿಂದಲೇ ಆರಂಭವಾಗುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿದೆ.

ಆ ದೂರದಲ್ಲಿ ಮಾಡುವ ಕೆಲಸ ಸರಳ, ಆದರೆ ಅದರ ಕ್ರಮ ತಪ್ಪಬಾರದು. ಮೊದಲು ಎದುರಿನ ನಾಯಿ ಕಣ್ಣಿಗೆ ಬೀಳಬೇಕು, ಅದರ ಬೆನ್ನಿಗೇ ತಿಂಡಿ ಬರಬೇಕು. ಆ ನಾಯಿ ಮರೆಯಾದೊಡನೆ ತಿಂಡಿಯೂ ನಿಲ್ಲಬೇಕು. ತಿಂಡಿ ಮೊದಲು ತೋರಿಸಿ ಗಮನ ಬೇರೆಡೆ ಸೆಳೆಯುವುದು ಇದಲ್ಲ. ಹಾಗೆ ಮಾಡುತ್ತಾ ಹೋದರೆ, ತಿಂಡಿ ಚೀಲಕ್ಕೆ ಕೈ ಹಾಕಿದ್ದೇ ಅಪಾಯದ ಸೂಚನೆ ಎಂದು ನಾಯಿ ಕಲಿತುಬಿಡಬಹುದು. ರಷ್ಯಾದ ವಿಜ್ಞಾನಿ ಪಾವ್ಲೊವ್ ನೂರು ವರ್ಷಗಳಿಗೂ ಹಿಂದೆ ನಾಯಿಗಳ ಜೊಲ್ಲಿನ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡುಕೊಂಡದ್ದು ಇದನ್ನೇ: ಸೂಚನೆ ಮೊದಲು, ಆಹಾರ ನಂತರ ಬಂದರೆ ನಾಯಿ ಸೂಚನೆಯಲ್ಲೇ ಆಹಾರವನ್ನು ನಿರೀಕ್ಷಿಸತೊಡಗುತ್ತದೆ. ಕೆಲವು ಬೆಳಗುಗಳಾದ ಮೇಲೆ ಒಂದು ದಿನ ನಿಮ್ಮ ನಾಯಿ ಆಚೆಯ ನಾಯಿಯನ್ನು ನೋಡಿ, ತಾನಾಗಿಯೇ ಕತ್ತು ತಿರುಗಿಸಿ ನಿಮ್ಮ ಮುಖ ನೋಡುತ್ತದೆ. ಆ ತಿರುವು ಬಂದ ಮೇಲೆ ಎರಡು ಹೆಜ್ಜೆ ಮುಂದೆ ಹೋಗಬಹುದು, ಎರಡೇ ಹೆಜ್ಜೆ.

ತುಣುಕು ಕಡಲೆಕಾಳಿನಷ್ಟು ಇದ್ದರೆ ಸಾಕು, ಆದರೆ ಮನೆಯಲ್ಲಿ ದಿನವೂ ಸಿಗುವ ಬಿಸ್ಕತ್ತು ಇಲ್ಲಿ ನಡೆಯದು. ಬೇಯಿಸಿದ ಕೋಳಿ ಒಳ್ಳೆಯದು. ಮಾಂಸ ತರದ ಮನೆಗಳವರು ಪನೀರ್ ತರುತ್ತಾರೆ, ಅದೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರವಾರ, ಅಂಕೋಲಾ ಕಡೆಯಿಂದ ಬರುವವರು ಕೆಲವೊಮ್ಮೆ ಒಣ ಸಿಗಡಿ ತರುತ್ತಾರೆ. ಅದರ ವಾಸನೆಗೆ ನಾಯಿ ಸೋಲುವುದೇನೋ ನಿಜ, ಆದರೆ ಉಪ್ಪು ಹಾಕಿ ಒಣಗಿಸಿದ್ದನ್ನು ಹಿಡಿಗಟ್ಟಲೆ ಕೊಡಬಾರದು; ಮುಳ್ಳು ತೆಗೆದ ಬೇಯಿಸಿದ ಮೀನು ಎಷ್ಟೋ ಮೇಲು.

ಇನ್ನು ಎರಡು ಬಗೆಯ ಬೊಗಳಿಗೆ ಬೇರೆ ಬೇರೆ ಮದ್ದು ಎಂದೆನಲ್ಲ. ಕೆಂಚನಿಗೆ ಬೇಕಾದದ್ದು ಆಚೆಯ ನಾಯಿ ದೂರವಾಗುವುದು. ಆದ್ದರಿಂದ ಅದು ನೋಡಿ, ಬೊಗಳದೆ ಉಳಿದ ಕೂಡಲೇ, “ಬಾ ಹೋಗೋಣ” ಎಂದು ನಾವೇ ಅದನ್ನು ಹಿಂದಕ್ಕೆ ಕರೆದೊಯ್ಯುತ್ತಿದ್ದೆವು. ಬೊಗಳಿ ಪಡೆಯುತ್ತಿದ್ದ ದೂರ ಈಗ ಸುಮ್ಮನಿದ್ದು ಸಿಗತೊಡಗಿತು. ಲ್ಯಾಬ್ರಡಾರ್‌ಗೆ ಬೇಕಾದದ್ದು ಹತ್ತಿರ ಹೋಗುವುದು. ಅದು ಹಗ್ಗ ಸಡಿಲವಾಗಿದ್ದಷ್ಟು ಹೊತ್ತು ಮುಂದೆ ನಡೆಯಬಹುದು, ಕಿರುಚಿದರೆ ಮಾತಿಲ್ಲದೆ ಹಿಂದೆ ತಿರುಗಬೇಕು. ಹಗ್ಗದಲ್ಲಿದ್ದಾಗ ನಾಯಿಗಳು ಮುಖಾಮುಖಿ ಮೂಸುವುದಕ್ಕೆ ನಾನು ಬಿಡುವುದಿಲ್ಲ. ಅದಕ್ಕೆ ಸಿಗುವುದು ಸಮಾಧಾನದ ಇನ್ನೊಂದು ನಾಯಿಯೊಂದಿಗೆ, ನಡುವೆ ಅಂತರವಿಟ್ಟು, ಒಂದೇ ದಿಕ್ಕಿಗೆ ನಡೆಯುವ ಅವಕಾಶ.

ಹಗ್ಗ ಆರು ಅಡಿಯದ್ದಿರಲಿ, ಎಳೆದಷ್ಟೂ ಉದ್ದವಾಗುವ ಯಂತ್ರದ ಹಗ್ಗ ಬೇಡ. ಎದೆಯ ಮುಂಭಾಗದಲ್ಲಿ ಕೊಂಡಿ ಇರುವ ಹಾರ್ನೆಸ್, ಅಂದರೆ ಕೊರಳಿಗಲ್ಲದೆ ಮೈಗೆ ತೊಡಿಸುವ ಪಟ್ಟಿ, ಜಗ್ಗುವ ನಾಯಿಗೆ ಅನುಕೂಲ. ಎಳೆದರೆ ಕೊರಳಿಗೆ ಬಿಗಿಯುವ ಸರಪಳಿ, ಅಂದರೆ ಚೋಕ್ ಚೈನ್, ಹಾಕಿ ಎರಡು ಸಲ ಜಗ್ಗಿದರೆ ಸರಿಹೋಗುತ್ತದೆ ಎಂದು ಸಲಹೆ ಕೊಡುವವರು ನಮ್ಮಲ್ಲಿ ಈಗಲೂ ಇದ್ದಾರೆ. ಕೊರಳಪಟ್ಟಿಯ ಮೇಲೆ ಬೀಳುವ ಎಳೆತವು ನಾಯಿಯ ಕಣ್ಣಿನೊಳಗಿನ ಒತ್ತಡವನ್ನೂ ಏರಿಸುತ್ತದೆ ಎಂಬುದನ್ನು ಪಶುವೈದ್ಯರು ಅಳೆದು ನೋಡಿದ್ದಾರೆ. ಸರಪಳಿ ಕೊರಳಿಗೆ ಮಾಡುವುದನ್ನು ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಹಾನಿ ಎಂದರೆ, ಇನ್ನೊಂದು ನಾಯಿ ಕಂಡಾಗಲೆಲ್ಲ ಕೊರಳು ನೋಯುತ್ತದೆ ಎಂದು ನಾಯಿ ಕಲಿಯುವುದು. ಗದರಿಸುವುದರಿಂದಲೂ ಲಾಭವಿಲ್ಲ; ಯಜಮಾನನೂ ತನ್ನೊಡನೆ ದನಿ ಸೇರಿಸಿದ ಎಂದೇ ಅದು ತಿಳಿದಂತೆ ಕಾಣುತ್ತದೆ.

ನಾನು ಮಾತಾಡುವಾಗ ಬೇಸರ ಬಂದು ಯಜಮಾನರ ಮುಖ ನೋಡಿಯೇ ಬೊಗಳುವ ನಾಯಿಗಳಿಗೆ ಮಡಚಿದ ಗೋಣಿಚೀಲವೊಂದನ್ನು ತರಲು ಹೇಳುತ್ತೇನೆ. ಗೋಣಿಯ ಮೇಲೆ ಮಲಗಿದ ನಾಯಿಯ ಮುಂಗಾಲುಗಳ ನಡುವೆ, ಅದು ಕೇಳುವ ಮುಂಚೆಯೇ, ಸದ್ದಿಲ್ಲದೆ ತುಣುಕು ಇಡುತ್ತಿರಬೇಕು. ಬೊಗಳಿದ ಮೇಲೆ ಸುಮ್ಮನಾದಾಗ ಕೊಟ್ಟರೆ, “ಬೊಗಳು, ನಿಲ್ಲಿಸು, ತಿನ್ನು” ಎಂಬ ಮೂರು ಮೆಟ್ಟಿಲನ್ನು ಅದು ಒಟ್ಟಿಗೆ ಕಲಿಯುತ್ತದೆ.

ಉಳಿದ ಹೊಣೆ ತರಗತಿ ನಡೆಸುವವರದು. ಗದ್ದಲದ ನಾಯಿಯ ಪಕ್ಕದಲ್ಲಿ ನಡುಗುತ್ತಾ ಕೂತ ಅಂಜುಬುರುಕ ನಾಯಿಗೂ ನಾವು ಉತ್ತರ ಹೇಳಬೇಕಲ್ಲವೇ? ನಾನು ಒಂದು ತಂಡಕ್ಕೆ ಆರೇ ನಾಯಿಗಳನ್ನು ತೆಗೆದುಕೊಳ್ಳುತ್ತೇನೆ; ಎಲ್ಲರೂ ಒಟ್ಟಿಗೆ ಗೇಟಿನಲ್ಲಿ ನುಗ್ಗದಂತೆ ಒಬ್ಬೊಬ್ಬರಿಗೂ ಬೇರೆ ಸಮಯ ಕೊಡುತ್ತೇನೆ; ಎರಡು ಕಂಬಗಳ ನಡುವೆ ನರ್ಸರಿಯ ಹಸಿರು ಶೇಡ್‌ನೆಟ್ ಕಟ್ಟಿ ಮರೆ ಮಾಡುತ್ತೇನೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ನಲವತ್ತು ಹೆಜ್ಜೆ ಎಲ್ಲಿಂದ ಬರಬೇಕು? ಆಗ ಮೂರೇ ನಾಯಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ತರಗತಿಯನ್ನೇ ನಡೆಸುವುದಿಲ್ಲ. ಹಗಲಿರುಳು ಸದ್ದು ಕೇಳಿದ ನಾಯಿಯ ಉದ್ವೇಗ ಒಂದು ರಾತ್ರಿಯ ನಿದ್ದೆಯಲ್ಲಿ ಇಳಿಯುವಂಥದ್ದಲ್ಲ. ಇದ್ದಕ್ಕಿದ್ದಂತೆ ಸಿಡುಕುವ ನಾಯಿಯಾದರೆ ಮೊದಲು ಪಶುವೈದ್ಯರಿಗೆ ತೋರಿಸಿ: ನಮ್ಮ ತೇವದ ಹವೆಯಲ್ಲಿ ಕಿವಿಯ ಸೋಂಕು, ಉಣ್ಣಿ ಹುಳು ಎರಡೂ ಹೆಚ್ಚು. ಎಷ್ಟು ದೂರ ನಿಂತರೂ ತಿಂಡಿ ತಿನ್ನಲಾಗದ ನಾಯಿಗೆ ಗುಂಪು ಬೇಡ. ಅದರ ಮನೆಗೆ ನಾನೇ ಹೋಗುತ್ತೇನೆ.

ಕೆಂಚ ಎಂಟನೆಯ ಭಾನುವಾರ ಹನ್ನೆರಡು ಹೆಜ್ಜೆಗೆ ಬಂತು. ಒಂದು ಗಂಟೆಯ ತರಗತಿಯಲ್ಲಿ ಅದು ಇರುತ್ತಿದ್ದುದು ಇಪ್ಪತ್ತು ನಿಮಿಷ. ಆ ದಿನ ಲ್ಯಾಬ್ರಡಾರ್ ಎದುರಿನಿಂದ ಹಾದುಹೋದಾಗ ಕೆಂಚನ ಬಾಯಿ ಮುಚ್ಚಿತು, ಯಜಮಾನರು ಹಗ್ಗ ಬಿಗಿಹಿಡಿಯದೆ ಕಾದರು, ಬಾಯಿ ಮತ್ತೆ ತೆರೆಯಿತು, ನಾಲಿಗೆ ಹೊರಬಂತು. ಅವರು ಪನೀರಿನ ತುಣುಕು ಕೊಟ್ಟು, ನನ್ನ ಮಾತಿಗೂ ಕಾಯದೆ, ಅದನ್ನು ಕರೆದುಕೊಂಡು ಜೀಪಿನ ಕಡೆ ನಡೆದರು. ತೋಟದಲ್ಲಿ ಅದು ಈಗಲೂ ಮಂಗಗಳಿಗೆ ಬೊಗಳುತ್ತದೆ. ಅದನ್ನು ಬಿಡಿಸಿ ಎಂದು ಅವರು ಕೇಳಲೂ ಇಲ್ಲ.