ಪರ್ಸೆಂಟೇಜ್ ನೋಡಿದ್ರಿ ಸರಿ, ತಾರೀಖು ನೋಡಿದ್ರಾ?

ಅಮೆರಿಕದ ಸೇನೆಯಲ್ಲಿ ದುಡಿದವರು ವಿಎ, ಅಂದರೆ ಮಾಜಿ ಸೈನಿಕರ ಇಲಾಖೆ, ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ತೀರ್ಮಾನಿಸಿ ಕಳಿಸಿದ ಪತ್ರ ಹಿಡಿದು ಬಂದರೆ ಮೊದಲ ಮಾತೇ "ಮಂಡಿಗೆ ಬರೀ 10 ಪರ್ಸೆಂಟ್ ಕೊಟ್ಟಿದ್ದಾರೆ ಸಾರ್". ನಾನು ಮೊದಲು ಹುಡುಕುವುದು ಪರಿಹಾರ ಯಾವ ದಿನದಿಂದ ಅನ್ನುವ ತಾರೀಖನ್ನು. ಅದು ಎರಡು ವರ್ಷ ಹಿಂದೆ ಸರಿದರೆ 24 ತಿಂಗಳ ಬಾಕಿ ಸಿಗುತ್ತದೆ, ಸುಮ್ನೆ ಬಿಡೋಕಾಗುತ್ತಾ?

ಸಾಮಾನ್ಯವಾಗಿ ಅರ್ಜಿ ತಲುಪಿದ ದಿನ, ತೊಂದರೆ ಶುರುವಾದ ದಿನ, ಎರಡರಲ್ಲಿ ತಡವಾದದ್ದೇ ಲೆಕ್ಕ. ಸೇನೆ ಬಿಟ್ಟು ಒಂದು ವರ್ಷದೊಳಗೆ ಅರ್ಜಿ ಹಾಕಿದವರಿಗೆ ಮಾತ್ರ ಬಿಡುಗಡೆಯ ಮರುದಿನದಿಂದ ಸಿಗಬಹುದು. ಮುಂದೆ ಅರ್ಜಿ ಹಾಕುತ್ತೇನೆ ಅಂತ ಮೊದಲೇ ತಿಳಿಸಲು 'ಇಂಟೆಂಟ್ ಟು ಫೈಲ್' ಅಂತ ಒಂದು ಚಿಕ್ಕ ಫಾರಂ ಇದೆ. 2024ರ ಮಾರ್ಚ್‌ನಲ್ಲಿ ಅದನ್ನು ಕೊಟ್ಟು, ಪೂರ್ತಿ ಅರ್ಜಿಯನ್ನು 2025ರ ಫೆಬ್ರವರಿಯಲ್ಲಿ ಹಾಕಿದರೂ ಮಾರ್ಚ್ ತಾರೀಖೇ ನಿಲ್ಲುತ್ತದೆ. ಫಾರಂ ಫೈಲಿನಲ್ಲೇ ಇದ್ದು, ತೀರ್ಮಾನ ಬರೆದವರ ಕಣ್ಣಿಗೆ ಬೀಳದೆ ಹೋಗುವುದೂ ಉಂಟು. ಇಂಥದ್ದಕ್ಕೆ ಹೈಯರ್ ಲೆವೆಲ್ ರಿವ್ಯೂ, ಅಂದರೆ ಹಿರಿಯ ಅಧಿಕಾರಿ ಅದೇ ಫೈಲನ್ನು ಮತ್ತೆ ನೋಡುವುದು, ಸಾಕು. ಅಲ್ಲಿ ಹೊಸ ದಾಖಲೆ ತಗೊಳ್ಳುವುದಿಲ್ಲ, ಬೇಕಾಗುವುದೂ ಇಲ್ಲ.

ಇನ್ನು ಪರ್ಸೆಂಟೇಜ್. ಮಂಡಿ 45 ಡಿಗ್ರಿಗಿಂತ ಮುಂದೆ ಮಡಚದಿದ್ದರೆ 10 ಪರ್ಸೆಂಟ್, 30 ಡಿಗ್ರಿಗೇ ನಿಂತರೆ 20 ಪರ್ಸೆಂಟ್. ತಪಾಸಣೆಯ ದಿನ ಕಾಲು ಹಗುರವಾಗಿರುತ್ತದೆ, ಇವರೋ ಸೇನೆಯ ಅಭ್ಯಾಸದಲ್ಲಿ "ಪರವಾಗಿಲ್ಲ ಡಾಕ್ಟರ್" ಅಂದುಬಿಡುತ್ತಾರೆ. ದಯವಿಟ್ಟು ಹಾಗನ್ನಬೇಡಿ! ನೋವು ಕೆರಳಿದ ದಿನ ಎಷ್ಟು ಮಡಚುತ್ತದೆ ಅನ್ನುವುದೂ ವರದಿಯಲ್ಲಿ ಬರಬೇಕು. ಬಂದಿಲ್ಲವಾ, ಅದನ್ನೇ ಹಿಡಿದು ಪ್ರಶ್ನಿಸಿ. ನೀವು ಮೆಟ್ಟಿಲು ಹತ್ತುವ ಪಾಡನ್ನು ದಿನಾ ನೋಡುವ ಹೆಂಡತಿ ಅಥವಾ ಗಂಡ ಬರೆದುಕೊಟ್ಟ ಹೇಳಿಕೆ ಇದ್ದರೆ ಸಪ್ಲಿಮೆಂಟಲ್ ಕ್ಲೇಮ್ (ಪೂರಕ ಅರ್ಜಿ) ವಾಸಿ, ಅಲ್ಲಿ ಹೊಸ ಸಾಕ್ಷ್ಯ ನಡೆಯುತ್ತದೆ. ಅಂದಹಾಗೆ ಎರಡು ತೊಂದರೆಗಳಿಗೆ ಸಿಕ್ಕ 50 ಮತ್ತು 30 ಕೂಡಿದರೆ ವಿಎ ಲೆಕ್ಕದಲ್ಲಿ 80 ಅಲ್ಲ. ಉಳಿದ 50ರಲ್ಲಿ 30 ಪರ್ಸೆಂಟ್ ಹಿಡಿದು 65, ಅದನ್ನು 70 ಮಾಡುತ್ತಾರೆ. ಅದಕ್ಕೆ ಮೇಲ್ಮನವಿ ಹಾಕಿ ಪ್ರಯೋಜನವಿಲ್ಲ.

ಗಡುವು ಒಂದು ವರ್ಷ, ಅದೂ ಪತ್ರದ ಮೇಲಿರುವ ದಿನಾಂಕದಿಂದ. ಅಷ್ಟರೊಳಗೆ ರಿವ್ಯೂ, ಸಪ್ಲಿಮೆಂಟಲ್ ಅಥವಾ ವಿಎ ಮೇಲ್ಮನವಿ ಬೋರ್ಡ್‌ಗೆ ಮೇಲ್ಮನವಿ, ಯಾವುದಾದರೊಂದನ್ನು ಹಾಕಿದರೆ ಹಳೇ ತಾರೀಖು ಜೀವಂತವಾಗಿರುತ್ತದೆ. ವರ್ಷ ದಾಟಿದ ಮೇಲೆ ತಾರೀಖು ಮಾತ್ರ ಹಿಂದೆ ಹಾಕಿ ಅಂತ ಬಿಡಿ ಅರ್ಜಿ ಕೊಡುವಂತಿಲ್ಲ, 2006ರಲ್ಲೇ ಕೋರ್ಟ್ ಆ ಬಾಗಿಲು ಮುಚ್ಚಿದೆ. ಆಮೇಲೆ ಇರುವ ದಾರಿಗಳು ಕಷ್ಟದವು. ಹಳೇ ತೀರ್ಮಾನದಲ್ಲಿ ಎದ್ದು ಕಾಣುವ ತಪ್ಪಿತ್ತು ಅಂತ ತೋರಿಸಬೇಕು, ಸಾಕ್ಷ್ಯವನ್ನು ಬೇರೆ ರೀತಿ ತೂಗಬಹುದಿತ್ತು ಅಂದರೆ ಸಾಲದು. ಇಲ್ಲವೇ ಆಗಲೇ ಇದ್ದೂ ಫೈಲಿಗೆ ಸೇರದ ಸೇನಾ ದಾಖಲೆ ಸಿಗಬೇಕು, ಹಾಗೆ ಸಿಕ್ಕರೆ ಮೊದಲ ಅರ್ಜಿಯ ದಿನದವರೆಗೂ ಹೋಗಬಹುದು. ಹಾಗಾಗಿ ಹಳೇ ಕೇಸಿನವರಿಗೆ ಮೊದಲು ಫೈಲಿನ ಪೂರ್ತಿ ಪ್ರತಿ ತರಿಸಿ ಅಂತೀನಿ, ಮಿಕ್ಕ ಮಾತು ಅದನ್ನು ಓದಿದ ಮೇಲೆ.