ಮನೆಯಲ್ಲಿ ಸಾವಾದ ವರ್ಷ ಕ್ರಿಸ್‌ಮಸ್ ಮಾಡಬಹುದಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಊರು. ಆಗಸ್ಟ್‌ನಲ್ಲಿ ಅಪ್ಪ ತೀರಿಕೊಂಡರು. ಈ ಸಲ ನಕ್ಷತ್ರ ಬೇಡ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಜೋಡಣೆ) ಬೇಡ, ತಿಂಡಿಯೂ ಬೇಡ ಅಂತಾರೆ ಅಮ್ಮ. ಮಕ್ಕಳು ದಿನಾ ಕೇಳ್ತಿದ್ದಾರೆ. ನನಗೂ ಮನಸ್ಸಿಲ್ಲ. ಆದರೆ ಇದು ಸಂತೋಷದ ಕಾಲ ಅಂತ ಚರ್ಚಿನಲ್ಲಿ ಹೇಳಿದಾಗಲೆಲ್ಲ ಏನೋ ತಪ್ಪು ಮಾಡ್ತಿದ್ದೀನಿ ಅನ್ನಿಸುತ್ತೆ. ಕ್ರೈಸ್ತರು ಸಾವಾದ ವರ್ಷ ಹಬ್ಬ ಮಾಡಬಹುದಾ?

ಉತ್ತರ: ಮಾಡಬಹುದು. ಬೇಡ ಅನ್ನುವ ನಿಯಮ ಬೈಬಲಿನಲ್ಲೂ ಇಲ್ಲ, ಕ್ರೈಸ್ತ ಸಭೆಯಲ್ಲೂ ಇಲ್ಲ. ಆದರೆ ನಿಮ್ಮ ಅಮ್ಮನ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳುತ್ತಿರುವುದರಲ್ಲೂ ಸತ್ಯವಿದೆ.

ನಮ್ಮ ಸುತ್ತಮುತ್ತ ಯಾರ ಮನೆಯಲ್ಲಾದರೂ ಸಾವಾದರೆ ವರ್ಷ ಕಳೆಯುವ ತನಕ ಹಬ್ಬ ಮಾಡುವುದಿಲ್ಲ. ಯುಗಾದಿಗೆ ಒಬ್ಬಟ್ಟು ಬೇಯುವುದಿಲ್ಲ, ದೀಪಾವಳಿಗೆ ಪಟಾಕಿ ಹೊಡೆಯುವುದಿಲ್ಲ. ಅದು ಹೋದವರಿಗೆ ತೋರಿಸುವ ಗೌರವ. ಆ ನಡವಳಿಕೆಯ ನಡುವೆಯೇ ಬೆಳೆದ ನಮಗೂ ಹಾಗೇ ಅನ್ನಿಸುವುದು ಸಹಜ, ಅಲ್ವಾ? ತೋಟದ ಕಡೆಯ ಚರ್ಚುಗಳಲ್ಲಿ ಕೊಂಕಣಿಯವರು, ಕನ್ನಡದವರು, ತಮಿಳಿನವರು, ಮಲಯಾಳಿಗಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬೊಬ್ಬರ ಮನೆಯ ರೂಢಿ ಒಂದೊಂದು. ಕೆಲವರು ಆ ವರ್ಷ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು ಮಾಡುವುದಿಲ್ಲ. ಕೆಲವರು ನಕ್ಷತ್ರ ಮಾತ್ರ ಕಟ್ಟುತ್ತಾರೆ. ಯಾವುದೂ ಪಾಪವಲ್ಲ. ನಮಗೆ ಸೂತಕದ ಲೆಕ್ಕವೂ ಇಲ್ಲ. ಕಥೋಲಿಕರಿಗಂತೂ ಕ್ರಿಸ್‌ಮಸ್ ಪೂಜೆ ತಪ್ಪಿಸಬಾರದ ಪೂಜೆ. ದುಃಖದ ಮನೆಯವರಿಗೂ ಅದು ಅನ್ವಯಿಸುತ್ತದೆ. ಹಾಗಾಗಿ ಚರ್ಚಿಗೆ ಹೋಗಬೇಕಾ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಮನೆಯಲ್ಲಿ ಎಷ್ಟು ಮಾಡಬೇಕು ಅನ್ನುವುದಷ್ಟೇ ಉಳಿಯುತ್ತದೆ.

ಅದಕ್ಕಿಂತ ಮೊದಲು ನಿಮ್ಮ ಮನಸ್ಸಿನ ಮಾತಿಗೆ ಬರೋಣ. ಸಂತೋಷ ಬರುತ್ತಿಲ್ಲ, ಅದಕ್ಕೇ ತಪ್ಪು ಅನ್ನಿಸುತ್ತಿದೆ ಅಂತ ಬರೆದಿದ್ದೀರಿ. ದಯವಿಟ್ಟು ಆ ಭಾರ ಇಳಿಸಿಬಿಡಿ. ಕ್ರಿಸ್‌ಮಸ್ಸಿನ ಸಂತೋಷ ನಾವು ಮನಸ್ಸಿನಲ್ಲಿ ಹುಟ್ಟಿಸಿಕೊಂಡು ತರಬೇಕಾದದ್ದಲ್ಲ. ಬೆತ್ಲೆಹೇಮಿನ ಕುರುಬರನ್ನು ನೆನೆಸಿಕೊಳ್ಳಿ. ಅವರು ಹಬ್ಬಕ್ಕೆ ತಯಾರಾಗಿ ಕೂತಿರಲಿಲ್ಲ. ರಾತ್ರಿ ಕುರಿ ಕಾಯುತ್ತಿದ್ದರು. ದೇವದೂತ ಬಂದಾಗ ಮೊದಲು ಅವರಿಗಾದದ್ದು ಭಯ. ಹೆದರಬೇಡಿ ಅಂದ ಮೇಲೆ ಸುದ್ದಿ ಹೇಳಿದ. ಆ ಸುದ್ದಿ ಎಲ್ಲ ಜನರಿಗೂ ಅಂತ ಸುವಾರ್ತೆಯಲ್ಲಿ ಲೂಕ ಬರೆಯುತ್ತಾರೆ. ಎಲ್ಲ ಜನರು ಅಂದಮೇಲೆ ಅಳುತ್ತಿರುವವರೂ ಅದರಲ್ಲಿ ಸೇರಿದರು. ನೀವು ನಗದೇ ಇದ್ದರೂ ಆ ಸುದ್ದಿ ನಿಮ್ಮದೇ.

ಇನ್ನೂ ಒಂದು ವಿಷಯ. ಕ್ರಿಸ್‌ಮಸ್ಸಿನ ಆ ವಾರದಲ್ಲೇ ಕಣ್ಣೀರಿನ ದಿನಗಳಿವೆ. 25 ಆದ ಮಾರನೇ ದಿನವೇ ಕಲ್ಲೇಟಿನಿಂದ ಸತ್ತ ಸ್ತೆಫನನ ಹಬ್ಬ. ಡಿಸೆಂಬರ್ 28 ಬಂದರೆ ರಾಜ ಹೆರೋದ ಕೊಲ್ಲಿಸಿದ ಕೂಸುಗಳ ನೆನಪು. ಮಕ್ಕಳನ್ನು ಕಳೆದುಕೊಂಡು, ಸಮಾಧಾನವನ್ನೂ ಒಪ್ಪದೆ ಅಳುವ, ಹಳೆಯ ಒಡಂಬಡಿಕೆಯ ರಾಹೇಲಳ ಮಾತನ್ನು ಮತ್ತಾಯ ತಮ್ಮ ಸುವಾರ್ತೆಯಲ್ಲಿ ಅಲ್ಲೇ ಎತ್ತುತ್ತಾರೆ. ಗೋದಲಿಯಿಂದ ಮೂರೇ ದಿನಕ್ಕೆ ಇದನ್ನು ಇಟ್ಟಿದ್ದಾರೆ ನೋಡಿ. ಹಿಂದಿನವರು ಇದನ್ನು ಬೇರೆ ತಿಂಗಳಿಗೆ ದೂಡಿ ಹಬ್ಬವನ್ನು ಹಗುರ ಮಾಡಿಕೊಳ್ಳಲಿಲ್ಲ. ನನಗೆ ಇದು ದೊಡ್ಡ ಧೈರ್ಯ.

ಇದರಲ್ಲಿ ನಿಮ್ಮ ಅಮ್ಮನಿಗೆ ಹತ್ತಿರವಾಗುವ ಹೆಂಗಸೊಬ್ಬರಿದ್ದಾರೆ. ಅನ್ನಳು. ಗೋದಲಿಯಲ್ಲಿ ಆಕೆಯ ಗೊಂಬೆ ಇರುವುದಿಲ್ಲ, ಹಾಗಾಗಿ ನಾವು ಮರೆತೇಬಿಡುತ್ತೇವೆ. ಲೂಕನ 2ನೇ ಅಧ್ಯಾಯದ 36ನೇ ವಚನದಿಂದ ಓದಿ. ಮದುವೆಯಾಗಿ ಏಳು ವರ್ಷ ಗಂಡನ ಜೊತೆ ಬಾಳಿದವಳು. ಆಮೇಲೆ ವಿಧವೆ. ಕೂಸು ಯೇಸುವನ್ನು ಯೆರೂಸಲೇಮಿನ ದೇವಾಲಯಕ್ಕೆ ಕರೆತಂದಾಗ ಆಕೆ ಹಣ್ಣು ಹಣ್ಣು ಮುದುಕಿ. 84 ವರ್ಷ ಅನ್ನುವ ಲೆಕ್ಕ ಅಲ್ಲಿ ಬರುತ್ತದೆ. ಕೂಸನ್ನು ಕಂಡ ಕೂಡಲೇ ದೇವರನ್ನು ಕೊಂಡಾಡಿದಳು. ಬಿಡುಗಡೆಗಾಗಿ ಕಾಯುತ್ತಿದ್ದವರಿಗೆಲ್ಲ ಆ ಮಗುವಿನ ವಿಷಯ ಹೇಳಿದಳು. ಅಂದರೆ ಕ್ರಿಸ್‌ಮಸ್ಸಿನ ಸಂತೋಷವನ್ನು ಮೊದಮೊದಲು ಹಂಚಿದವರಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಮುದುಕಿ ಇದ್ದಾಳೆ. ಅದಕ್ಕೂ ಸ್ವಲ್ಪ ಮೊದಲು ಅದೇ ದೇವಾಲಯದಲ್ಲಿ ಸಿಮೆಯೋನ ಅನ್ನುವ ಭಕ್ತ ಯೇಸುವಿನ ತಾಯಿ ಮರಿಯಮ್ಮನಿಗೆ, ನಿನ್ನ ಪ್ರಾಣಕ್ಕೂ ಕತ್ತಿ ನಾಟುತ್ತದೆ ಅಂದಿದ್ದ. ನೋವು, ಸಂತೋಷ ಎರಡೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ. ಈ ಭಾಗವನ್ನು ಒಂದು ಸಂಜೆ ಅಮ್ಮನ ಪಕ್ಕ ಕೂತು ಓದಿ. ನೀವು ಅರ್ಥ ಹೇಳಬೇಕಿಲ್ಲ. ಅವರಿಗೇ ಗೊತ್ತಾಗುತ್ತದೆ.

ಈಗ ಮನೆಯ ವಿಷಯ. ನಕ್ಷತ್ರ ಕಟ್ಟಿ ಅನ್ನುವುದು ನನ್ನ ಅಭಿಪ್ರಾಯ. ದಾರಿಯ ಬೆಳಕು ಅದು, ಆಡಂಬರವಲ್ಲ. ಕಿಟಕಿ ತುಂಬ ಸೀರಿಯಲ್ ಸೆಟ್ ಹಾಕದಿದ್ದರೆ ಆಯಿತು. ಗೋದಲಿಗೂ ಜಾಸ್ತಿ ಬೇಕಾಗಿಲ್ಲ. 1223ರಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಊರಲ್ಲಿ ಗೋದಲಿ ಮಾಡಿದಾಗ ಅಲ್ಲಿದ್ದದ್ದು ಒಣಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ನಿಮ್ಮ ಮಕ್ಕಳಿಗೆ ಒಂದು ತಟ್ಟೆಯಲ್ಲಿ ಮಣ್ಣು ಹಾಕಿಕೊಟ್ಟು ರಾಗಿ ಚೆಲ್ಲಿಸಿ. ಹತ್ತು ದಿನ ಮೊದಲೇ ಚೆಲ್ಲಿದರೆ ಹಬ್ಬಕ್ಕೆ ಹಸಿರು ಬಂದಿರುತ್ತದೆ. ತೋಟದಲ್ಲಿ ಪಾಚಿಗೇನು ಬರ? ಈ ಕೆಲಸ ಮಕ್ಕಳೇ ಮಾಡಲಿ. ತಾತ ಪ್ರತಿ ವರ್ಷ ಗೋದಲಿಗೆ ಏನು ಮಾಡುತ್ತಿದ್ದರು ಅಂತ ಅವರು ಮಾತಾಡಿಕೊಂಡರೆ ತಡೆಯಬೇಡಿ. ಮಕ್ಕಳೂ ದುಃಖದಲ್ಲೇ ಇದ್ದಾರೆ. ಆಡಿಕೊಂಡಿರುವುದರಿಂದ ನಮಗೆ ಕಾಣುವುದಿಲ್ಲ.

ತಿಂಡಿ ಅಮ್ಮನಿಗೆ ಬಿಟ್ಟದ್ದು. ನೆವ್ರಿ, ಕಿಡಿಯೊದಂಥ ಕುಸ್ವಾರ್ ತಿಂಡಿ ಕರಿಯುತ್ತಾ ಕೂರಲು ಈ ಸಲ ಅವರಿಗೆ ಆಗದಿದ್ದರೆ ಬಲವಂತ ಬೇಡ. ಅಕ್ಕಪಕ್ಕದವರು ತಂದುಕೊಟ್ಟರೆ ತೆಗೆದುಕೊಳ್ಳಿ. ತೆಗೆದುಕೊಳ್ಳುವುದೂ ಹಂಚಿಕೊಳ್ಳುವುದೇ. ಪ್ರತಿ ವರ್ಷ ಡಬ್ಬ ತುಂಬಿ ಕಳಿಸಿದ ಮನೆ ಒಂದು ವರ್ಷ ಪಡೆದರೆ ಏನೂ ಕಡಿಮೆಯಾಗುವುದಿಲ್ಲ.

ಆದರೆ ಒಂದು ಕೆಲಸ ಮಾತ್ರ ಬಿಡಬೇಡಿ. ಅಪ್ಪ ಹಬ್ಬಕ್ಕೆ ಯಾರಿಗಾದರೂ ಏನಾದರೂ ಕೊಡುತ್ತಿದ್ದರಾ? ಅದನ್ನು ಅವರ ಹೆಸರಲ್ಲಿ ಮುಂದುವರಿಸಿ. ಡಿಸೆಂಬರ್ ಅಂದರೆ ನಮ್ಮಲ್ಲಿ ಅರೇಬಿಕಾ ಕುಯ್ಲಿನ ಕಾಲ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರೂ ಇರುತ್ತಾರೆ. ಅವರಲ್ಲಿ ಕ್ರೈಸ್ತರಿದ್ದರೆ ಅವರ ಊರಿನ ಕ್ರಿಸ್‌ಮಸ್ ಎಷ್ಟೋ ದೂರ. ಅವರು ಯಾವ ಧರ್ಮದವರೇ ಆಗಲಿ, ಈ ಚಳಿಯಲ್ಲಿ ಮಕ್ಕಳಿಗೊಂದು ಸ್ವೆಟರ್, ಒಂದು ಹೊತ್ತಿನ ಬಿಸಿ ಊಟ ತಲುಪಿದರೆ ಸಾಕು. ತಿರುಗಿ ಕರೆಯಲಾಗದವರನ್ನು ಊಟಕ್ಕೆ ಕರಿ ಅಂತ ಯೇಸು ಹೇಳಿದ್ದು ಲೂಕ 14ರಲ್ಲಿದೆ. ಹಾಸನದ ಕಡೆ ಇರುವವರಾದರೆ ರೆಡ್‌ಫರ್ನ್ ಆಸ್ಪತ್ರೆಯಂಥ ಕಡೆ ಆ ದಿನವೂ ಹಾಸಿಗೆ ಪಕ್ಕ ಕೂತ ಜನ ಇರುತ್ತಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾದು ಕೂತ ಅನುಭವ ಇದ್ದವರಿಗೆ ಅಲ್ಲಿ ಏನು ಮಾತಾಡಬೇಕು, ಯಾವಾಗ ಸುಮ್ನಿರಬೇಕು ಅನ್ನುವುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಚರ್ಚಿನಲ್ಲಿ ಅಳು ಬಂದರೆ ಅಳಿ. ಪಕ್ಕದ ಬಾಗಿಲ ಹತ್ತಿರ ಜಾಗ ಹಿಡಿದರೆ ಬೇಕಾದಾಗ ಹೊರಗೆ ಹೋಗಿಬರಬಹುದು. ರಾತ್ರಿ ಪೂಜೆಯ ಗದ್ದಲ ಬೇಡ ಅನ್ನಿಸಿದರೆ 25ರ ಬೆಳಗಿನ ಪೂಜೆಗೆ ಹೋಗಿ. ಆ ವಾರ ಅಪ್ಪನಿಗಾಗಿ ಒಂದು ಪೂಜೆ ಇಡಿಸಲು ಫಾದರ್ ಹತ್ತಿರ ಕೇಳಿ. 25ರಂದು ಏನೂ ಮಾಡಲಾಗದಿದ್ದರೂ ಕಾಲ ಮುಗಿಯಿತು ಅಂದುಕೊಳ್ಳಬೇಡಿ. ಕ್ರಿಸ್‌ಮಸ್ ಕಾಲ ಜನವರಿಯಲ್ಲಿ ಬರುವ ಯೇಸುವಿನ ದೀಕ್ಷಾಸ್ನಾನದ ಹಬ್ಬದ ತನಕ ಇರುತ್ತದೆ. ಕೂಸು ಯೇಸುವನ್ನು ನೋಡಲು ಬಂದ ಪೂರ್ವದ ಜೋಯಿಸರೂ ತಡವಾಗಿ ಬಂದವರೇ.

ಇನ್ನು ಕ್ಯಾರಲ್ಸ್ ತಂಡ. ಸಾವಾದ ಮನೆ ಅಂತ ಸಂಕೋಚದಿಂದ ಅವರು ಗೇಟಿನ ಮುಂದೆ ಹಾದುಹೋಗಿಬಿಡುತ್ತಾರೆ. ಒಳಗಿರುವವರಿಗೆ ಅದು ತುಂಬಾ ನೋವು ಕೊಡುತ್ತದೆ. ತಂಡದ ಹಿರಿಯರಿಗೆ ಈಗಲೇ ಒಂದು ಫೋನ್ ಮಾಡಿ: ಬನ್ನಿ, ಡ್ರಮ್ ಬೇಡ, ಸಾಂತಾ ಕ್ಲಾಸ್ ಬೇಕಾದರೆ ಮಕ್ಕಳಿಗೆ ಸಿಹಿ ಕೊಟ್ಟು ಹೋಗಲಿ, ಅಪ್ಪನಿಗೆ ಇಷ್ಟವಾದ ಒಂದು ಹಾಡು ಹಾಡಿ, ಒಂದು ಪ್ರಾರ್ಥನೆ ಮಾಡಿ ಅಂತ ಹೇಳಿ. ಬಂದವರಿಗೆ ಕಾಫಿ ಕೊಡುವ ಕೆಲಸ ಅಮ್ಮನಿಗೇ ಬಿಡಿ, ಅವರು ಬೇಡ ಅನ್ನಲಾರರು.